600 ಎಂಎಂ ಪೈಪಿನೊಳಗೆ ಆಳು ಇಳಿಸದೆ ಬ್ಲಾಸ್ಟಿಂಗ್: ನಮ್ಮ ಗಾಡಿ ಕೆಲಸ ಮಾಡಿದ ಕತೆ

ಕೊನೆಗೂ ಇನ್‌ಸ್ಪೆಕ್ಟರ್ ಸಹಿ ಹಾಕಿದರು. 600 ಎಂಎಂ ಪೈಪು, ಒಳಮೈ ಪೂರ್ತಿ ಎಸ್‌ಎ ಎರಡೂವರೆ (ತುಕ್ಕು ಹೋಗಿ ಬಹುತೇಕ ಬಿಳಿ ಲೋಹ ಕಾಣುವ ದರ್ಜೆ), ಪ್ರೊಫೈಲ್, ಅಂದರೆ ಮೈಯ ಒರಟುತನ, 60 ಮೈಕ್ರಾನ್ ಆಸುಪಾಸು. ಬ್ಲಾಸ್ಟಿಂಗ್ ಅಂದರೆ ಗಾಳಿಯ ಒತ್ತಡದಲ್ಲಿ ಗ್ರಿಟ್ (ಚೂಪು ಹರಳು) ಹೊಡೆದು ತುಕ್ಕು ತೆಗೆಯುವುದು. ಅದು ನಡೆಯುವಾಗ ಒಳಗೆ ಒಬ್ಬ ಹುಡುಗನೂ ಇರಲಿಲ್ಲ, ನಾಝಲ್ ಹೊತ್ತು ಒಳಗೆ ಹೋದದ್ದು ನಮ್ಮ ಚಕ್ರದ ಗಾಡಿ. ಜಮಖಂಡಿಯಿಂದ ಬೆಳಗಾವಿ ತನಕ ಈ ಲೈನಿನಲ್ಲಿರುವ ಬಹಳ ಜನ "ಅದು ಆಗೂ ಕೆಲಸ ಅಲ್ಲ, ಬಿಡ್ರಿ" ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಾಪರ್ (ಗ್ರಿಟ್ ತುಂಬುವ ಪಾತ್ರೆ), ಹೋಸ್, ಹೆಲ್ಮೆಟ್ ಎಲ್ಲ ಈ ಲೈನಿನವರಿಗೆ ಗೊತ್ತಿರುವುದೇ, ಅದನ್ನು ಮತ್ತೆ ಹೇಳುವುದಿಲ್ಲ.

ಕೆಲಸ ಕೃಷ್ಣಾ ದಂಡೆಯ ಒಂದು ಏತ ನೀರಾವರಿಯದು. ಆರು ಮೀಟರಿನ ಹಳೆಯ ಎಂಎಸ್ (ಮೈಲ್ಡ್ ಸ್ಟೀಲ್) ಪೈಪುಗಳು, ನೂರರ ಮೇಲೆ ಸ್ವಲ್ಪ. ಕಿತ್ತು ತಂದು, ಒಳಗಿನ ತುಕ್ಕು ತೆಗೆದು, ಕೋಲ್ ಟಾರ್ ಎಪಾಕ್ಸಿ ಬಣ್ಣ ಹೊಡೆದು ವಾಪಸ್ ಕೊಡಬೇಕು. ಕೆಲವು ಪೈಪುಗಳಲ್ಲಿ ತುಕ್ಕು ಗಂಟು ಗಂಟಾಗಿ ನಿಂತಿತ್ತು. ಸುತ್ತಿಗೆಯಲ್ಲಿ ತಟ್ಟಿದರೆ ಬೊಗಸೆಗಟ್ಟಲೆ ಬೀಳುತ್ತಿತ್ತು.

600 ಎಂಎಂ ಅನ್ನುವುದೇ ಕೆಟ್ಟ ಸೈಜು. ತೆಳ್ಳಗಿನ ಹುಡುಗ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಬಲ್ಲ. ಹಾಗಾಗಿ ಎಲ್ಲರೂ ಹುಡುಗರನ್ನೇ ಕಳಿಸುತ್ತಾರೆ. ಆದರೆ ಒಳಗೆ ಹೋದವನು ತಿರುಗಲಾರ. ಗೋಡೆಗೆ ಬಡಿದ ಗ್ರಿಟ್ ವಾಪಸ್ ಅವನ ಮೇಲೇ ಬರುತ್ತದೆ. ಅರ್ಧ ನಿಮಿಷದಲ್ಲಿ ನಾಝಲ್ ತುದಿಯೂ ಕಾಣುವುದಿಲ್ಲ. 7 ಕೆಜಿ (ಚದರ ಸೆಂಟಿಮೀಟರಿಗೆ) ಪ್ರೆಶರಿನ ಹೋಸ್ ಕೈ ಜಾರಿದರೆ ಸರಿಯಲು ಜಾಗ ಎಲ್ಲಿದೆ? ಮೇ ತಿಂಗಳಲ್ಲಿ ನಮ್ಮ ಬಾಗಲಕೋಟೆ ಬಿಸಿಲಿಗೆ ಪೈಪಿನ ಮೈ ಮುಟ್ಟಲೂ ಆಗುವುದಿಲ್ಲ. ಹುಡುಗರು ಡಬಲ್ ಪಗಾರ ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು.

ಒಬ್ಬರು ಹೊಳೆ ಮರಳಿನಲ್ಲಿ ಹೊಡೆಯಿರಿ, ಅಗ್ಗ ಅಂದರು. ಆ ಮಾತು ಅಲ್ಲೇ ಮುಗಿಯಿತು. ಮರಳಿನ ಸಿಲಿಕಾ ಪುಡಿಯಾಗಿ ಪುಪ್ಪುಸಕ್ಕೆ ಹೋದರೆ ಸಿಲಿಕೋಸಿಸ್. ಅದಕ್ಕೆ ಔಷಧ ಇಲ್ಲ. ಇಳಕಲ್ ಕಡೆ ಗ್ರಾನೈಟ್ ಕೆಲಸ ಮಾಡಿ ಬಂದವರು ನಮ್ಮಲ್ಲಿ ಇಬ್ಬರಿದ್ದಾರೆ. ಧೂಳು ಅಂದರೆ ಏನು ಅಂತ ಅವರಿಗೆ ನಾನು ಹೇಳಬೇಕಿಲ್ಲ.

ಮೊದಲು ಮಾಡಿದ್ದು ಕೋನ್. ನಾಝಲ್ ಮುಂದೆ ಟಂಗ್‌ಸ್ಟನ್ ಕಾರ್ಬೈಡ್ ಕೋನ್ ಕೂರಿಸಿದರೆ ಗ್ರಿಟ್ ಛತ್ರಿ ಹಾಗೆ ಸುತ್ತ ಚಿಮ್ಮುತ್ತದೆ. 200, 250 ಎಂಎಂ ಪೈಪಿಗೆ ಇದು ಚಲೋ, ಹಿಂದೆ ಅದರಲ್ಲೇ ದುಡ್ಡು ಮಾಡಿದ್ದೇನೆ. 600ರಲ್ಲಿ ಗೋಡೆ ತಲುಪುವಷ್ಟರಲ್ಲಿ ಗ್ರಿಟ್‌ಗೆ ದಮ್ಮೇ ಉಳಿಯುವುದಿಲ್ಲ. ಒಂದು ಪಟ್ಟಿ ಬಿಳಿ, ಒಂದು ಪಟ್ಟಿ ಕಪ್ಪು. ಸೈಟ್ ಇಂಜಿನಿಯರ್ ಟಾರ್ಚ್ ಬಿಟ್ಟು ನೋಡಿ, "ಏನ್ರೀ ಸಾವ್ಕಾರ್ರ, ಒಳಗ ಝೀಬ್ರಾ ಮಾಡೀರಲ್ಲ" ಅಂದರು.

ಆಮೇಲೆ ತಿರುಗುವ ಹೆಡ್. ಎರಡು ಕೈ, ಎರಡು ನಾಝಲ್, ಗಾಳಿಯ ಒದೆತಕ್ಕೆ ತಾನೇ ತಿರುಗಬೇಕು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಅದರ ಸ್ವಿವೆಲ್ (ತಿರುಗುವ ಕೀಲು) ಟರ್ನಿಂಗ್ ಮಾಡಿಸಿದೆ. ಜಾಬ್ ಅದ್ಭುತವಾಗಿತ್ತು. ಬಾಳಿಕೆ ಸುಮಾರು ಅರ್ಧ ಗಂಟೆ! ಗ್ರಿಟ್ ಸೀಲ್ ದಾಟಿ ಬೇರಿಂಗಿಗೆ ಹೋಯಿತು, ಹೆಡ್ ಜಾಮ್. ಎರಡನೇ ಸ್ವಿವೆಲ್‌ಗೆ ಡಬಲ್ ಸೀಲ್ ಹಾಕಿದೆವು, ಅದು ಒಂದು ಊಟದ ಹೊತ್ತು ಜಾಸ್ತಿ ಬಂತು, ಅಷ್ಟೇ. ಇಷ್ಟಕ್ಕೇ ಐವತ್ತು ಸಾವಿರದ ಹತ್ತಿರ ಹೋಗಿತ್ತು. ಮನೆಯಲ್ಲಿ ಮಾತು ಕಡಿಮೆಯಾಯಿತು.

ದಾರಿ ಸಿಕ್ಕಿದ್ದು ಸೀಲಿನ ಆಸೆ ಬಿಟ್ಟ ಮೇಲೆ. ಗ್ರಿಟ್ ಒಳಗೆ ಬಾರದಂತೆ ತಡೆಯುವ ಬದಲು ಹೊರಗೆ ತಳ್ಳಿದರೆ ಹೇಗೆ? ಬೇರಿಂಗ್ ಮನೆಗೆ ಒಂದು ಸಣ್ಣ ಶುದ್ಧ ಗಾಳಿ ಲೈನ್ ಕೊಟ್ಟೆ, ಬ್ಲಾಸ್ಟ್ ಲೈನಿಗಿಂತ ಅರ್ಧ ಕೆಜಿ ಜಾಸ್ತಿ ಪ್ರೆಶರಿನಲ್ಲಿ. ಈಗ ಸೀಲ್ ಸಂದಿಯಿಂದ ಗಾಳಿ ಹೊರಗೆ ಸೋರುತ್ತದೆ, ಗ್ರಿಟ್ ಒಳಗೆ ಬರಲು ದಾರಿಯಿಲ್ಲ. ಆ ಬೇರಿಂಗ್ ಇನ್ನೂ ಓಡುತ್ತಿದೆ. ತಾನಾಗಿ ತಿರುಗಿದರೆ ವೇಗ ಕೈಗೆ ಸಿಗುವುದಿಲ್ಲ, ಆದ್ದರಿಂದ ಲಾರಿಯ 24 ವೋಲ್ಟ್ ವೈಪರ್ ಮೋಟರಿಗೆ ಚೈನ್ ಹಾಕಿ ತಿರುಗಿಸಿದೆವು. ಗುಜರಿ ಬೆಲೆಗೆ ಬಂದ ಮೋಟರ್ ಅದು. ಕೈಗಳ ಬೆಂಡ್ ಬೇಗ ತೂತಾಗುತ್ತಿತ್ತು. ಬೆಂಡ್ ತೆಗೆದು ಒಂದು ಬಾಯಿ ಮುಚ್ಚಿದ ಟೀ (T ಆಕಾರದ ಪೈಪ್ ಜೋಡಣೆ) ಹಾಕಿದೆವು. ಮುಚ್ಚಿದ ಬಾಯಲ್ಲಿ ಗ್ರಿಟ್ ತುಂಬಿ ಕೂರುತ್ತದೆ, ಹಿಂದೆ ಬರುವ ಗ್ರಿಟ್ ಕಬ್ಬಿಣಕ್ಕೆ ಬಡಿಯದೆ ಗ್ರಿಟ್‌ಗೇ ಬಡಿಯುತ್ತದೆ.

ಪೈಪನ್ನೇ ರೋಲರ್ ಮೇಲೆ ತಿರುಗಿಸಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಹೌದು, ಹೊಸ ಪೈಪ್ ಮಾಡುವ ಪ್ಲಾಂಟ್‌ಗಳಲ್ಲಿ ಹಾಗೂ ಮಾಡುತ್ತಾರೆ. ನಮ್ಮವು ಹಳೆಯ ಪೈಪು, ಕೆಲವು ಮೊಟ್ಟೆಯಾಕಾರಕ್ಕೆ ತಿರುಗಿದ್ದವು, ಮೇಲೆ ಫ್ಲೇಂಜ್, ಏರ್ ವಾಲ್ವಿನ ಸ್ಟಬ್ ಎಲ್ಲ ಇತ್ತು. ರೋಲರ್ ಮೇಲೆ ಕುಣಿಯುತ್ತವೆ. ಅಲ್ಲದೆ ನೆಲದಲ್ಲಿ ಹೂತ ಲೈನನ್ನು ಯಾರು ತಿರುಗಿಸುತ್ತಾರೆ? ನನ್ನ ಕಣ್ಣು ಇದ್ದದ್ದು ಆ ಕೆಲಸಗಳ ಮೇಲೆ.

ಹೆಡ್ ಸರಿಯಾದ ಮೇಲೂ ಪೈಪಿನ ತಳ ಕಪ್ಪಗೇ ಉಳಿಯುತ್ತಿತ್ತು. ಬಿದ್ದ ಗ್ರಿಟ್ ತಳದಲ್ಲಿ ರಾಶಿಯಾಗಿ ಕೂರುತ್ತದೆ, ಮೇಲಿಂದ ಎಷ್ಟು ಹೊಡೆದರೂ ಆ ರಾಶಿಗೇ ಹೊಡೆದಂತೆ. ಇದರಲ್ಲಿ ಬಹಳ ದಿನ ಕಳೆದವು. ಗಾಡಿ ಮುಂದೆ ರಬ್ಬರ್ ಫ್ಲಾಪ್ ಕಟ್ಟಿ ಗುಡಿಸಿ ನೋಡಿದೆವು, ಫ್ಲಾಪ್ ಹರಿದು ಚೂರಾಯಿತು. ಕೊನೆಗೆ ನಾಝಲ್‌ಗಳನ್ನು ಹಿಂದಕ್ಕೆ ವಾಲಿಸಿದೆ. ಗ್ರಿಟ್ ಎಲ್ಲ ಕೆಲಸ ಮುಗಿದ ಕಡೆಗೇ ಹೋಗಿ ಬೀಳುತ್ತದೆ, ಮುಂದಿನ ತಳ ಖಾಲಿ ಇರುತ್ತದೆ. ಎಷ್ಟು ಡಿಗ್ರಿ ಅಂತ ಮಾತ್ರ ಕೇಳಬೇಡಿ. ಅದಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ. ಗಾಡಿಯ ಚಕ್ರಕ್ಕೆ ಏನು ಹಾಕಿದ್ದೇನೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೆಲಸ ಮುಗಿದ ಕಡೆಯ ಪೈಪಿನ ಬಾಯಿಗೆ ಎಕ್ಸಾಸ್ಟ್ ಬ್ಲೋವರ್ ಹಾಕಿದೆ, ಸುಮಾರು 2000 ಸಿಎಫ್‌ಎಂನದು (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ). ಬ್ಲೋವರ್ ಧೂಳನ್ನು ಎಳೆದು ನೀರಿನ ಟ್ಯಾಂಕ್, ಒದ್ದೆ ಗೋಣಿ ಮೂಲಕ ಹೊರಬಿಡುತ್ತದೆ. ಪೈಪಿನೊಳಗೆ ಗಾಳಿ ಸೆಕೆಂಡಿಗೆ ಮೂರು ಮೀಟರ್ ಚಿಲ್ಲರೆ ಓಡುತ್ತದೆ. ಧೂಳು, ತುಕ್ಕಿನ ಪುಡಿ ಅದರ ಜೊತೆ ಹೋಗುತ್ತವೆ. ಸ್ಟೀಲ್ ಗ್ರಿಟ್ ಭಾರ, ತಳದಲ್ಲೇ ಉಳಿಯುತ್ತದೆ. ಅಂದರೆ ಪೈಪೇ ಗ್ರಿಟ್ ತೂರುವ ಮೊರ ಆಯಿತು. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ, ಸುಮ್ನೆ ಧೂಳಿಗೆ ಹಾಕಿದ ಬ್ಲೋವರ್ ನನ್ನ ಖರ್ಚು ಇಳಿಸಿತು. ಗ್ರಿಟ್ ಗುಡಿಸಿ, ಜರಡಿ ಹಿಡಿದು, ಮತ್ತೆ ಹಾಪರಿಗೆ.

ಲೆಕ್ಕ ನೋಡಿ, ನೆನಪಿನಿಂದ ಹೇಳುತ್ತಿದ್ದೇನೆ. ಒಂದು ಪೈಪಿನ ಒಳಮೈ 11 ಚದರ ಮೀಟರ್ ಮೇಲೆ. ಕಾಪರ್ ಸ್ಲ್ಯಾಗ್ (ತಾಮ್ರ ಕರಗಿಸಿದಾಗ ಉಳಿಯುವ ಕಿಟ್ಟದ ಹರಳು) ಆದರೆ ಚದರ ಮೀಟರಿಗೆ 40 ಕೆಜಿ ಹತ್ತಿರ ತಿನ್ನುತ್ತದೆ, ಒಮ್ಮೆ ಹೊಡೆದರೆ ಮುಗಿಯಿತು. ಇಡೀ ಕೆಲಸಕ್ಕೆ 45 ಟನ್ ಮೇಲೆ ಬೇಕಿತ್ತು. ಬಾಡಿಗೆ ಸೇರಿ ಕೆಜಿಗೆ ಏಳು ರೂಪಾಯಿ ಹಿಡಿದರೂ ಮೂರು ಲಕ್ಷ ದಾಟುತ್ತದೆ. ನಾನು ಸ್ಟೀಲ್ ಗ್ರಿಟ್ ಒಂದೂವರೆ ಟನ್ ತಂದೆ, ಕೆಜಿಗೆ 70ರ ಲೆಕ್ಕದಲ್ಲಿ ಲಕ್ಷದ ಮೇಲೆ ಐದು ಸಾವಿರ. ಕೆಲಸ ಮುಗಿದಾಗ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು.

ನಿಜವಾದ ಖರ್ಚು ಡೀಸೆಲ್. ಮೂರು ಸೂತಿನ, ಅಂದರೆ 3/8 ಇಂಚಿನ ನಾಝಲ್ ಒಂದಕ್ಕೆ 200 ಸಿಎಫ್‌ಎಂ ಹತ್ತಿರ ಬೇಕು, ಎರಡಕ್ಕೆ 400. ನಮ್ಮದು 450ರ ಕಂಪ್ರೆಸರ್. ನಾಝಲ್ ಅರ್ಧ ಸೂತು ಸವೆದರೆ ಎರಡೂ ಸೇರಿ 500 ದಾಟುತ್ತವೆ, ಪ್ರೆಶರ್ ಬೀಳುತ್ತದೆ, ಕೆಲಸ ನಿಧಾನ, ಡೀಸೆಲ್ ಅಷ್ಟೇ ಉರಿಯುತ್ತದೆ. ನಾಝಲ್ ಇನ್ನೂ ಬರುತ್ತೆ ಅಂತ ಎಳೆಯುವವರು ನಾಝಲ್ ದುಡ್ಡು ಉಳಿಸಿ ಡೀಸೆಲ್‌ನಲ್ಲಿ ಕಳೆಯುತ್ತಾರೆ. ಗಾಡಿ ಎಳೆಯುವ ವಿಂಚಿನ ವೇಗ ನಿಮಿಷಕ್ಕೆ 10 ಸೆಂಟಿಮೀಟರ್, ಪೈಪಿಗೆ ಒಂದು ಗಂಟೆ. ಹತ್ತಿಸುವುದು ಇಳಿಸುವುದು ಸೇರಿ 25ರಿಂದ 30 ಲೀಟರ್ ಡೀಸೆಲ್. ವಿಂಚ್ ಕೈಯಲ್ಲಿ ತಿರುಗಿಸಬೇಡಿ. ಮನುಷ್ಯ ಬೀಡಿ ಹಚ್ಚಿದ ಕಡೆ ಒಂದು ಪಟ್ಟಿ ಬೀಳುತ್ತದೆ. ಗೇರ್‌ಬಾಕ್ಸಿನ ಮೋಟರಿಗೆ ವಿಎಫ್‌ಡಿ (ವೇಗ ಹೊಂದಿಸುವ ಡ್ರೈವ್) ಹಾಕಿ. ಎಲ್ಲ ಸೇರಿ, ಕೆಟ್ಟದ್ದನ್ನೂ ಹಿಡಿದು, ಗಾಡಿಗೆ ಎರಡು ಲಕ್ಷದ ಒಳಗೆ ಆಯಿತು.

ನೀರಿನ ಕಾಟ ಬೇರೆ. ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯಲ್ಲಿ ತೇವ ಬಂದು, ರಾತ್ರಿ ಹಾಪರಿನಲ್ಲಿ ಬಿಟ್ಟ ಗ್ರಿಟ್ ಬೆಳಗ್ಗೆ ಒಂದೇ ಗಡ್ಡೆ. ಗಾಳಿ ತಣಿಸುವ ಆಫ್ಟರ್ ಕೂಲರ್, ನೀರು ಹಿಡಿಯುವ ಮಾಯಿಶ್ಚರ್ ಟ್ರ್ಯಾಪ್ ಎರಡೂ ಹಾಕಿ, ಸಂಜೆ ಹಾಪರ್ ಖಾಲಿ ಮಾಡಿ. ಹೊಳೆ ದಂಡೆಯ ಚಳಿಗಾಲದ ಬೆಳಗ್ಗೆ ಪೈಪ್ ಬೆವರುತ್ತದೆ. ಉಕ್ಕಿನ ತಾಪ ಡ್ಯೂ ಪಾಯಿಂಟಿಗಿಂತ (ಗಾಳಿಯ ತೇವ ನೀರಾಗಿ ಕೂರುವ ತಾಪ) 3 ಡಿಗ್ರಿ ಮೇಲಿಲ್ಲದಿದ್ದರೆ ನಾವು ಶುರುವೇ ಮಾಡುವುದಿಲ್ಲ. ಹತ್ತು ಗಂಟೆ ತನಕ ಚಹಾ.

ಬೆಂಡ್‌ಗಳಲ್ಲಿ ಗಾಡಿ ಹೋಗುವುದಿಲ್ಲ, ಅದನ್ನು ಒಪ್ಪಬೇಕು. ಇದೇ ಕೆಲಸದ 1200 ಎಂಎಂ ಹೆಡರ್‌ಗೆ (ದೊಡ್ಡ ಮುಖ್ಯ ಪೈಪು) ಆಳನ್ನೇ ಇಳಿಸಿದೆವು. ಅಲ್ಲಿ ನನ್ನ ಹಟ ಒಂದೇ, ಒಳಗಿನವನು ಉಸಿರಾಡುವ ಹೆಲ್ಮೆಟ್ ಗಾಳಿಗೆ ಬೇರೆ ಕಂಪ್ರೆಸರ್, ಫಿಲ್ಟರ್, ಕಾರ್ಬನ್ ಮಾನಾಕ್ಸೈಡ್ ಅಲಾರಂ. ಡೀಸೆಲ್ ಹೊಗೆ ಕಂಪ್ರೆಸರ್ ಬಾಯಿಗೆ ಹೋದರೆ ಹೆಲ್ಮೆಟ್ಟೇ ವಿಷ ಊದುತ್ತದೆ. ಗಾಳಿ ಯಾವ ಕಡೆ ಬೀಸುತ್ತದೆ ನೋಡಿ ಇಂಜಿನ್ ಇಡುವ ಜಾಗ ಆರಿಸಿ, ಮಧ್ಯಾಹ್ನ ಮತ್ತೆ ನೋಡಿ. ಆಕ್ಸಿಜನ್ ಶೇಕಡಾ 19.5ಕ್ಕಿಂತ ಕೆಳಗಿದ್ದರೆ ಇಳಿಯುವಂತಿಲ್ಲ. ಬೆಳಕು 24 ವೋಲ್ಟಿನದು. ಒಳಗಿನವನಿಗೆ ಏನೂ ಕೇಳಿಸುವುದಿಲ್ಲ, ಸೊಂಟಕ್ಕೆ ಹಗ್ಗ, ಹೊರಗೆ ಹಗ್ಗ ಹಿಡಿದವನು, ಅವನಿಗೆ ಬೇರೆ ಕೆಲಸ ಇಲ್ಲ.

ಮುಧೋಳ ಕಡೆಯ ಸಕ್ಕರೆ ಫ್ಯಾಕ್ಟರಿಗಳ ಮೊಲಾಸಿಸ್ (ಕಾಕಂಬಿ) ಟ್ಯಾಂಕ್ ಆಫ್ ಸೀಜನ್‌ನಲ್ಲಿ ಹಿಡಿಯುವವರು ಇನ್ನೂ ಹುಷಾರಾಗಿರಿ. ತಳದ ಮಡ್ಡಿ ಹುಳಿಯಾಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ಮ್ಯಾನ್‌ಹೋಲ್ ಬಾಯಲ್ಲಿ ಗ್ಯಾಸ್ ಮೀಟರ್ ಹಿಡಿದು ಸರಿ ಅನ್ನಬೇಡಿ, ದಾರ ಕಟ್ಟಿ ತಳದ ತನಕ ಬಿಡಿ.

ಒಂದು ಅಡ್ಡ ಪ್ರಯೋಗ. ಗೊಂಜಾಳದ (ಮೆಕ್ಕೆಜೋಳದ) ಬೆಂಡು ಒಣಗಿಸಿ, ಗಿರಣಿಯಲ್ಲಿ ತರಿ ಮಾಡಿಸಿ, ಮೂರು ಕೆಜಿ ಪ್ರೆಶರಿನಲ್ಲಿ ಪಂಪ್ ಮೋಟರಿನ ಅಲ್ಯೂಮಿನಿಯಂ ಕವರ್ ಮೇಲೆ ಹೊಡೆದೆ. ಗ್ರೀಸ್, ಹಳೆ ಬಣ್ಣ ಹೋಯಿತು, ಲೋಹಕ್ಕೆ ಗೀರೂ ಬೀಳಲಿಲ್ಲ. ಗಿರಣಿಯವರು ಎರಡನೇ ಸಲ ಒಳಗೆ ಬಿಡಲಿಲ್ಲ, ಅದು ಬೇರೆ ಮಾತು. ಬಗಾಸ್ (ಕಬ್ಬಿನ ಸಿಪ್ಪೆ) ಉರಿಸಿದ ಬಾಯ್ಲರ್ ಬೂದಿ ಟ್ರೈ ಮಾಡಿ ಅಂತ ಒಬ್ಬರು ಹೇಳಿದರು. ಅದರಲ್ಲೂ ಸಿಲಿಕಾ ತುಂಬಿದೆ, ಮುಟ್ಟಲಿಲ್ಲ.

ಈಗ 450 ಎಂಎಂಗೆ ಗಾಡಿಯ ಕಾಲು ಕುಗ್ಗಿಸುತ್ತಿದ್ದೇನೆ. ವೈಪರ್ ಮೋಟರ್ ಕೂರಿಸಲು ಜಾಗ ಸಾಲುತ್ತಿಲ್ಲ, ಬಹುಶಃ ಸಣ್ಣ ಏರ್ ಮೋಟರ್ ಬೇಕು. ಆಗಲ್ಲ ಅಂದಿದ್ದವರಲ್ಲಿ ಇಬ್ಬರು ಗಾಡಿ ಬಾಡಿಗೆಗೆ ಕೇಳಿದ್ದಾರೆ. ಕೊಡುತ್ತೇನೆ. ಆದರೆ ಗಾಡಿ ಜೊತೆ ನನ್ನ ಹುಡುಗ ಬರುತ್ತಾನೆ, ಹೆಡ್ ಅವನೇ ಬಿಚ್ಚುತ್ತಾನೆ, ಬ್ಲೋವರ್ ಇಲ್ಲದೆ ಸ್ಟಾರ್ಟ್ ಮಾಡುವಂತಿಲ್ಲ.