ಶಾಟ್‌ಗನ್ ಹಿಡ್ದು ದೂರದಿಂದ ಹೊಡೀಬೇಡಿ ಮಾರಾಯ್ರೇ

ನಿನ್ನೆ ರಾತ್ರಿ ನಮ್ಮ ಶಿವಮೊಗ್ಗ ಗ್ರೂಪಿನ ಹುಡುಗ್ರ ಜೊತೆ ಬಿಜಿಎಂಐ (ಮೊಬೈಲಲ್ಲಿ ಆಡೋ ಗನ್ ಫೈಟ್ ಗೇಮು) ಆಡ್ತಿದ್ದೆ, ಇಬ್ರು ಎಸ್686 ಅನ್ನೋ ಜೋಡಿ ನಳಿಗೆ ಶಾಟ್‌ಗನ್ ಹಿಡ್ಕೊಂಡು ರಸ್ತೆ ಆಚೆ ಮನೇಲಿದ್ದೋನಿಗೆ ಹೊಡೀತಾನೇ ಇದ್ರು, ಡ್ಯಾಮೇಜ್ ಆಗ್ತಿಲ್ಲ ಅಂತ ಗನ್ನಿಗೇ ಬೈಯ್ತಿದ್ರು. ತಪ್ಪು ಗನ್ನಿಂದಲ್ಲ.

ಒಂದು ಗುಂಡು ಹೊಡೆದ್ರೆ ಒಂದಷ್ಟು ಚರೆ ಹರಡ್ಕೊಂಡು ಹೋಗ್ತವೆ. ದೂರ ಎರಡು ಪಟ್ಟಾದ್ರೆ ಅದು ಹರಡೋ ಜಾಗ ನಾಲ್ಕು ಪಟ್ಟಾಗತ್ತೆ, ಅಂದ್ರೆ 10 ಮೀಟರಲ್ಲಿ ಎಲ್ಲಾ ಚರೆ ಮೈಗೇ ಬೀಳ್ತಿದ್ರೆ 20 ಮೀಟರಲ್ಲಿ ಎಷ್ಟೋ ಪಕ್ಕದ ಗೋಡೆಗೆ ಹೋಗತ್ತೆ, ಅದ್ರ ಮೇಲೆ ಗೇಮಲ್ಲಿ ದೂರಕ್ಕೆ ಡ್ಯಾಮೇಜೂ ಕಮ್ಮಿ ಮಾಡಿರ್ತಾರೆ. ತೀರ್ಥಹಳ್ಳಿ, ಹೊಸನಗರ ಕಡೆ ತೋಟದ ಮನೇಲಿ ಕೋವಿ ನೋಡಿದೋರು ಕೇಳ್ಬಹುದು, ನಿಜವಾದ ಕೋವಿ 30 ಮೀಟರಿಗೂ ಚೆನ್ನಾಗೇ ಹೊಡೆಯತ್ತಲ್ಲ ಅಂತ. ಹೌದು, ಹೊಡೆಯತ್ತೆ. ಆದ್ರೆ ಗೇಮಲ್ಲೂ ಹಂಗೇ ಬಿಟ್ರೆ ಹತ್ರಕ್ಕೂ ಅದೇ ದೂರಕ್ಕೂ ಅದೇ, ರೈಫಲ್ ಯಾರು ಎತ್ತಾರೆ ಹೇಳಿ? ಅದಕ್ಕೇ ಬೇಕಂತ್ಲೇ ಜಾಸ್ತಿ ಹರಡೋ ಹಾಗೆ ಇಟ್ಟಿರೋದು, ನಂಗಂತೂ ಅದು ಸರೀನೇ ಅನ್ಸತ್ತೆ.

ಟ್ರೈನಿಂಗ್ ಗ್ರೌಂಡಿಗೆ ಹೋಗಿ ಗೋಡೆಗೆ ಮೊದ್ಲು 5 ಹೆಜ್ಜೆಯಿಂದ, ಆಮೇಲೆ 10, 20 ಹೆಜ್ಜೆಯಿಂದ ಹೊಡೆದು ಗುರುತು ನೋಡಿ, ಗುರುತಿನ ವೃತ್ತ ಮನುಷ್ಯನ ಎದೆಗಿಂತ ಅಗಲ ಆಯ್ತಾ, ಅಷ್ಟೇ ನಿಮ್ಮ ಲಿಮಿಟ್ಟು. ಚೋಕ್ (ಗನ್ ನಳಿಗೆ ತುದಿಗೆ ಹಾಕೋ ಭಾಗ) ಸಿಕ್ಕಿದ್ರೆ ಬಿಡ್ಬೇಡಿ, ಎಸ್686ಕ್ಕೂ ಎಸ್1897 ಅನ್ನೋ ಇನ್ನೊಂದು ಶಾಟ್‌ಗನ್ನಿಗೂ ಕೂರತ್ತೆ, ಹರಡೋದು ಕಮ್ಮಿ ಆಗತ್ತೆ. ಎಸ್686ದಲ್ಲಿ ಎರಡೇ ಗುಂಡು ನೆನಪಿರ್ಲಿ, ಮೆಟ್ಟಿಲು ತಿರುವು, ಬಾಗ್ಲು ಸಂದಿ ಇಂಥಾ ಕಡೆ ಕಾದು ಹೊಡೀರಿ, ಎರಡನೇ ಗನ್ ಮಾತ್ರ ರೈಫಲ್ಲೇ ಇರ್ಲಿ.