ಚಿಕ್ಕಬಳ್ಳಾಪುರದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಹೊತ್ತು?

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಗೆ ಹೊಸದಾಗಿ ಬಂದಿದ್ದೀರಾ? ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ ಊರಿಂದ ಬರುವ ಮೊದಲ ಪ್ರಶ್ನೆ, "ಎಷ್ಟು ಗಂಟೆ ಆಗುತ್ತಪ್ಪಾ?" ಸುಮ್ನೆ 16 ಗಂಟೆ ಅಂತ ಹೇಳಿಬಿಡಬೇಡಿ. ಅದು ಎಲ್ಲೂ ಇಳಿಯದೆ ನೇರವಾಗಿ ಹಾರಿದರೆ ಆಗುವ ಹೊತ್ತು ಅಷ್ಟೇ. ಮನೆ ಬಿಟ್ಟಾಗಿನಿಂದ ಮನೆ ಸೇರುವ ತನಕ ಲೆಕ್ಕ ಹಾಕಿ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿ.ಮೀ. ವಿಮಾನ ಗಂಟೆಗೆ 900 ಕಿ.ಮೀ. ಹೋದರೂ 15 ಗಂಟೆಗೆ ಕಮ್ಮಿ ಆಗಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಇಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ಹಾದುಹೋಯಿತು, ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ಗೋಡೆಯ ಮೇಲಿನ ಭೂಪಟ ನೋಡಿದರೆ ಇದೇನು ಸುತ್ತುದಾರಿ ಅನ್ನಿಸುತ್ತದೆ. ಗೋಲದ ಮೇಲೆ ದಾರ ಹಿಡಿದು ನೋಡಿ, ಧ್ರುವದ ಕಡೆಯಿಂದಲೇ ಹತ್ತಿರ.

ಜಾಸ್ತಿ ಜನ ಬರುವುದು ನಡುವೆ ಒಂದು ಕಡೆ ವಿಮಾನ ಬದಲಿಸಿಯೇ. ದುಬೈ ಆದರೆ ಮೊದಲು 4 ಗಂಟೆ, ಆಮೇಲೆ ಒಂದೇ ಸಮ 16 ಗಂಟೆ ಕೂರಬೇಕು. ಫ್ರಾಂಕ್‌ಫರ್ಟ್ ಆದರೆ 10 ಗಂಟೆ, ಮತ್ತೆ 11 ಚಿಲ್ಲರೆ. ಒಟ್ಟು ಹೊತ್ತು ಸ್ವಲ್ಪ ಜಾಸ್ತಿಯೇ, ಆದರೆ ಮಂಡಿ ನೋವಿನವರಿಗೆ ನನ್ನ ಕೇಳಿದರೆ ಅದೇ ವಾಸಿ.

ಇನ್ನು ಟಿಕೆಟ್ ಮೇಲಿನ ಗಂಟೆ. ಹೊರಡುವ ಗಂಟೆ ಆ ಊರಿನದು, ಇಳಿಯುವ ಗಂಟೆ ಈ ಊರಿನದು, ಒಂದರಿಂದ ಇನ್ನೊಂದು ಕಳೆಯಬೇಡಿ. ಚಳಿಗಾಲದಲ್ಲಿ ನಾವು ಊರಿಗಿಂತ 13 ಗಂಟೆ 30 ನಿಮಿಷ ಹಿಂದೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕ 12 ಗಂಟೆ 30 ನಿಮಿಷ. ಡಿಸೆಂಬರ್‌ನಲ್ಲಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ ಇಲ್ಲಿ ಇಳಿಯುವುದು ಅದೇ ತಾರೀಕು ಸಂಜೆ 4:30ಕ್ಕೆ! "ಎರಡೂವರೆ ಗಂಟೇಲಿ ಬಂದ್ಬಿಡ್ತೀವಲ್ಲೋ" ಅಂತ ಅಪ್ಪ ಟಿಕೆಟ್ ಹಿಡಿದು ಕೇಳಿದರೆ ನಗಬೇಡಿ, ಬಿಡಿಸಿ ಹೇಳಿ. ವಾಪಸ್ ಹೋಗುವಾಗ ಉಲ್ಟಾ, ತಾರೀಕು ಮುಂದಕ್ಕೆ ಹೋಗುತ್ತದೆ. ಕರೆದುಕೊಂಡು ಹೋಗಲು ಬರುವ ಭಾವನಿಗೆ ಊರಲ್ಲಿ ಇಳಿಯುವ ದಿನವನ್ನೇ ಬರೆದು ಕಳಿಸಿ.

ರಸ್ತೆಯ ಹೊತ್ತೂ ಸೇರಿಸಿ. ಏರ್‌ಪೋರ್ಟ್ ದೇವನಹಳ್ಳಿಯಲ್ಲಿ ಇರುವುದು ಚಿಕ್ಕಬಳ್ಳಾಪುರದವರ ಪುಣ್ಯ, ಹೈವೇಲಿ ನೆಟ್ಟಗೆ ಬಂದರೆ ಆಯಿತು. ಕೋಲಾರದವರು ದೇವನಹಳ್ಳಿ ಹತ್ತಿರದ ವಿಜಯಪುರದ ಮೇಲೆ ಬರಬಹುದು. ತುಮಕೂರಿನವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಬಂದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ, ಆದರೂ 2 ಗಂಟೆ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನ ಹೊರಡುವುದು ಟರ್ಮಿನಲ್ 2ರಿಂದ. ಅಲ್ಲಿ 3 ಗಂಟೆ ಮುಂಚೆ ಇರಬೇಕು. ಇಲ್ಲಿ ಇಮಿಗ್ರೇಶನ್ ಸಾಲು, ಬ್ಯಾಗು, ಕಾರು. ನಡುವೆ ವಿಮಾನ ಬದಲಿಸಿ ಕಾಯುವ ಹೊತ್ತೂ ಸೇರಿ ಎಲ್ಲಾ ಕೂಡಿದರೆ ಹತ್ತಿರಹತ್ತಿರ 30 ಗಂಟೆ ಆಗುತ್ತದೆ, ಅಲ್ವಾ?

ನಡುವೆ ಇಳಿಯುವ ಊರಲ್ಲಿ 2 ಗಂಟೆಗಿಂತ ಕಮ್ಮಿ ಬಿಡುವಿದ್ದರೆ ಆ ಟಿಕೆಟ್ ಅಗ್ಗ ಅಂತ ತಗೋಬೇಡಿ, ವಯಸ್ಸಾದವರಿಗೆ 3–4 ಗಂಟೆ ಬೇಕು. ವೀಲ್‌ಚೇರ್ ಟಿಕೆಟ್ ಮಾಡುವಾಗಲೇ ಹಾಕಿಸಿ. "ನನಗೇನಾಗಿದೆ, ನಡೀತೀನಿ" ಅಂತ ಅಪ್ಪ ಜಗಳ ಆಡುತ್ತಾರೆ, ಆಡಲಿ. ತಳ್ಳುವವರೇ ಗೇಟ್ ತನಕ ಬಿಡುತ್ತಾರೆ, ಭಾಷೆ ಬರದ ಊರಲ್ಲಿ ಬೋರ್ಡ್ ಓದಿಕೊಂಡು ಓಡಾಡುವುದು ತಪ್ಪುತ್ತದೆ.