ಬೆಂಗಳೂರಿನವರೇ ಬೆಂಗಳೂರು ನೋಡುವ ಒಂದು ದಿನ: ಮಾರ್ಕೆಟ್‌ನಿಂದ ಲಾಲ್‌ಬಾಗ್ ಬಂಡೆಯವರೆಗೆ

ನೆಂಟರು ಬಂದರೆ ವಿಧಾನಸೌಧದ ಮುಂದೆ ನಿಲ್ಲಿಸಿ ಫೋಟೊ ತೆಗೆದು, ಒಂದು ಮಾಲ್ ತೋರಿಸಿ ಕಳಿಸುತ್ತೇವೆ. ನಾವು ನೋಡಬೇಕಾದ ಊರು ಬೇರೆ ಇದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ, ಅದರ ದಕ್ಷಿಣಕ್ಕೆ ಕೋಟೆ, ಅದರಾಚೆ ಲಾಲ್‌ಬಾಗ್. ಈ ಮೂರನ್ನೇ ಹಿಡಿದರೆ ಒಂದು ದಿನ ಸಾಕು. ಇಡೀ ಬೆಂಗಳೂರು ನೋಡಿಬಿಡೋಣ ಅಂತ ಕಾರು ತೆಗೆದರೆ ಅರ್ಧ ದಿನ ಸಿಗ್ನಲ್‌ಗಳಲ್ಲೇ ಹೋಗುತ್ತದೆ.

ಮೊದಲು ವಾರ ನೋಡಿಕೊಳ್ಳಿ. ರಜೆ ಅಂತ ಭಾನುವಾರ ಹೊರಟರೆ ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಸಗಟು ಅಂಗಡಿಗಳಲ್ಲಿ ಬಹುಪಾಲು ಮುಚ್ಚಿರುತ್ತವೆ, ಮೆಟ್ರೊ ಕೂಡ ತಡವಾಗಿ ಶುರುವಾಗುತ್ತದೆ. ಮಧ್ಯಾಹ್ನ ಉಣ್ಣಬೇಕಾದ ಎಂಟಿಆರ್ ಹೋಟೆಲಿಗೆ ಸೋಮವಾರ ರಜೆ, ಸಂಜೆ ಹೋಗುವ ವಿದ್ಯಾರ್ಥಿ ಭವನ ಹೋಟೆಲಿಗೆ ಶುಕ್ರವಾರ ರಜೆ. ಉಳಿದದ್ದು ಮಂಗಳ, ಬುಧ, ಗುರು, ಶನಿ. ಕೆಲಸಕ್ಕೆ ಒಂದು ದಿನ ಲೀವ್ ಹಾಕಿಯೇ ಹೋಗಿ, ಅಷ್ಟು ಬೆಲೆ ಈ ದಿನಕ್ಕಿದೆ. ವರಮಹಾಲಕ್ಷ್ಮಿ, ಆಯುಧಪೂಜೆ, ಯುಗಾದಿಯ ಹಿಂದಿನ ದಿನಗಳನ್ನು ಮಾತ್ರ ಬಿಡಿ. ಆಗ ಮಾರ್ಕೆಟ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಗಾಡಿ ಮನೆಯಲ್ಲೇ ಇರಲಿ. ಪೇಟೆಯಲ್ಲಿ ಪಾರ್ಕಿಂಗ್ ಹುಡುಕುವುದೇ ಒಂದು ಕೆಲಸವಾಗುತ್ತದೆ, ಮೇಲಾಗಿ ಗಾಡಿ ನಿಲ್ಲಿಸಿದ ಜಾಗಕ್ಕೇ ಮತ್ತೆ ವಾಪಸಾಗಬೇಕು. ಹಸಿರು ಮಾರ್ಗದ ಮೆಟ್ರೊದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಬನ್ನಿ. ಬಿಎಂಟಿಸಿ ಸಾಮಾನ್ಯ ಬಸ್ಸಿಗಾದರೆ ಹೆಂಗಸರು ಶಕ್ತಿ ಯೋಜನೆಯ ಉಚಿತ ಟಿಕೆಟ್‌ಗೆ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಹಿಡಿತವಿರುವ ಶೂ, ಒಂದು ಲೀಟರ್ ನೀರು, ಹತ್ತು-ಇಪ್ಪತ್ತರ ಚಿಲ್ಲರೆ, ಒಂದು ಬಟ್ಟೆ ಚೀಲ, ಇಷ್ಟು ಸಾಕು. ಬ್ಯಾಗು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಿ.

ಮಾರ್ಕೆಟ್‌ಗೆ ಬೆಳಿಗ್ಗೆ ಆರರೊಳಗೆ ತಲುಪಿ. ಎಂಟರ ಹೊತ್ತಿಗೆ ಹೂವಿನ ದೊಡ್ಡ ವ್ಯಾಪಾರ ಇಳಿದಿರುತ್ತದೆ. ಒಳಗೆ ಹೋದವರು ಸಾಮಾನ್ಯವಾಗಿ ಕೆಳಗಿನ ನೂಕುನುಗ್ಗಲಿನಲ್ಲೇ ಸುತ್ತಿ ಸುಸ್ತಾಗಿ ಹೊರಬರುತ್ತಾರೆ. ನೀವು ಮೊದಲು ಮೆಟ್ಟಿಲು ಹತ್ತಿ. ಮೇಲಿನ ಮೊಗಸಾಲೆಯಿಂದ ಬಗ್ಗಿ ನೋಡಿದರೆ ಸೇವಂತಿಗೆಯ ಹಳದಿ ರಾಶಿ, ಚೆಂಡುಹೂವಿನ ಕಿತ್ತಳೆ, ನಡುವೆ ಮರುಗ, ದವನದ ಹಸಿರು ಒಂದೇ ನೋಟಕ್ಕೆ ಸಿಗುತ್ತದೆ. ಆಮೇಲೆ ಇಳಿಯಿರಿ. ನೆಲ ಒದ್ದೆ, ಕೊಳೆತ ಎಸಳು ಜಾರುತ್ತದೆ. ಹಿಂದಿನಿಂದ 'ಸೈಡ್, ಸೈಡ್' ಅಂತ ಕೂಗು ಕೇಳಿದರೆ ತಿರುಗಿ ನೋಡಬೇಡಿ, ತಕ್ಷಣ ಪಕ್ಕಕ್ಕೆ ಸರಿಯಿರಿ. ತಲೆ ಮೇಲೆ ಮೂಟೆ ಹೊತ್ತವರಿಗೆ ನಿಲ್ಲಲು ಆಗುವುದಿಲ್ಲ. ಬಿಡಿ ಹೂವು ಕೆಜಿ ಲೆಕ್ಕ, ಕಟ್ಟಿದ್ದು ಮೊಳ ಅಥವಾ ಮಾರಿನ ಲೆಕ್ಕ. ನಾಲ್ಕು ಮೊಳಕ್ಕೆ ಒಂದು ಮಾರು. ಮೊಳ ಅಳೆಯುವುದು ಮಾರುವವರ ಕೈಯಲ್ಲಿ, ಆದ್ದರಿಂದ ಬೆಲೆಯ ಜೊತೆಗೆ ಕೈಯನ್ನೂ ನೋಡಿ ಕೊಳ್ಳಿ. ಬೆಳಿಗ್ಗೆಯೇ ಮಲ್ಲಿಗೆ ಕೊಂಡರೆ ಸಂಜೆಗೆ ಬಾಡಿರುತ್ತದೆ; ಬೇಕೇ ಬೇಕೆಂದರೆ ಮೊಗ್ಗು ಆರಿಸಿ. ಜನರ ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ. ಅದು ಅವರ ಬೋಣಿ ಹೊತ್ತು.

ಹತ್ತಿರದ ಯಾವುದಾದರೂ ದರ್ಶಿನಿಯಲ್ಲಿ ಇಡ್ಲಿ, ಕಾಫಿ ಮುಗಿಸಿ ಕೆ.ಆರ್. ರಸ್ತೆಯಲ್ಲಿ ದಕ್ಷಿಣಕ್ಕೆ ನಡೆಯಿರಿ. ಕೋಟೆ ಮೊದಲು ಸಿಕ್ಕರೂ ದಾಟಿ ಮುಂದೆ ಹೋಗಿ, ಕೋಟೆ ವೆಂಕಟರಮಣ ದೇವಸ್ಥಾನದಿಂದ ಶುರುಮಾಡಿ. ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಕೋಟೆ ಎಲ್ಲೂ ಹೋಗುವುದಿಲ್ಲ. ಪಕ್ಕದ ಟಿಪ್ಪು ಬೇಸಿಗೆ ಅರಮನೆ ಎಂಟೂವರೆಗೆ ತೆರೆಯುತ್ತದೆ. ಹೈದರಾಲಿ 1781ರಲ್ಲಿ ಶುರುಮಾಡಿಸಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ಹೆಚ್ಚಿನದೆಲ್ಲ ತೇಗದ ಮರದ ಕೆಲಸ. ಒಳಗಿನ ಗೋಡೆಗಳ ಹೂಬಳ್ಳಿಯ ಬಣ್ಣ ಅಲ್ಲಲ್ಲಿ ಉಳಿದಿದೆ, ಅದನ್ನು ಹುಡುಕಿ. ಮಹಡಿಯ ಮೇಲೆ ನಿಂತಾಗ ಒಂದು ವಿಷಯ ನೆನಪಿರಲಿ: ಈಗ ಹೈಕೋರ್ಟ್ ಇರುವ ಅಠಾರ ಕಚೇರಿಗೆ ಹೋಗುವ ಮುಂಚೆ, 1868ರವರೆಗೆ, ಮೈಸೂರು ಸೀಮೆಯ ಆಡಳಿತದ ಕಚೇರಿ ಇದೇ ಕಟ್ಟಡದಲ್ಲಿತ್ತು.

ವಾಪಸು ಬರುತ್ತ ಕೋಟೆಯ ದೆಹಲಿ ಬಾಗಿಲು. ಕೆಂಪೇಗೌಡರ ಮಣ್ಣಿನ ಕೋಟೆಯನ್ನು 1761ರಲ್ಲಿ ಕಲ್ಲಿನದಾಗಿ ಮಾಡಿಸಿದ್ದು ಹೈದರಾಲಿ. ಉಳಿದಿರುವುದು ಅದರ ಒಂದು ತುಣುಕು. 1791ರ ಮಾರ್ಚ್ 21ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ನುಗ್ಗಿದ್ದಕ್ಕೆ ಅಲ್ಲೊಂದು ಕಲ್ಲು ಫಲಕವಿದೆ. ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಹತ್ತೂವರೆ, ಹನ್ನೊಂದಕ್ಕೆ ಪೇಟೆಯೊಳಗೆ ಹೋಗಿ. ಅದಕ್ಕೆ ಮುಂಚೆ ಹೋದರೆ ರೋಲಿಂಗ್ ಶಟರ್ ಮಾತ್ರ ಕಾಣುತ್ತವೆ. ಈಗಿನ ಅವೆನ್ಯೂ ರಸ್ತೆಯೇ ಹಳೆಯ ದೊಡ್ಡಪೇಟೆ. ಅದು ಚಿಕ್ಕಪೇಟೆಯನ್ನು ದಾಟುವ ಚೌಕದಿಂದ ನಾಲ್ಕು ದಿಕ್ಕಿಗೆ ಎತ್ತು ಕಟ್ಟಿ ನೇಗಿಲ ಗೆರೆ ಎಳೆಸಿ ಊರು ಕಟ್ಟಿದರೆಂಬ ಮಾತಿದೆ. ಆ ಚೌಕವನ್ನೇ ಗುರುತಾಗಿ ಇಟ್ಟುಕೊಳ್ಳಿ. ಓಣಿಗಳೊಳಗೆ ಫೋನಿನ ನಕ್ಷೆ ಆಗಾಗ ಎಡವುತ್ತದೆ. 'ದೊಡ್ಡಪೇಟೆ ಚೌಕ' ಅಂದರೆ ಕೆಲವರಿಗೆ ತಿಳಿಯದಿರಬಹುದು, 'ಅವೆನ್ಯೂ ರೋಡ್, ಚಿಕ್ಕಪೇಟೆ ಸರ್ಕಲ್' ಅಂತ ಕೇಳಿ. ಎಲ್ಲ ಪೇಟೆ ಸುತ್ತಬೇಡಿ, ಎರಡು ಆರಿಸಿ. ಬಳೇಪೇಟೆಗೆ ಹೋದರೆ ವೀಣೆ, ತಂಬೂರಿ, ಮೃದಂಗದ ಅಂಗಡಿಗಳಿವೆ. ನಗರ್ತಪೇಟೆಯ ಕಡೆಗಾದರೆ ಚಿನ್ನ ಬೆಳ್ಳಿ ಕೆಲಸದವರು, ಸ್ವಲ್ಪ ಮುಂದೆ ತಿಗಳರಪೇಟೆಯಲ್ಲಿ ಧರ್ಮರಾಯಸ್ವಾಮಿ ದೇವಸ್ಥಾನ, ಚೈತ್ರದ ಹುಣ್ಣಿಮೆಯ ಕರಗ ಹೊರಡುವ ಜಾಗ. ನಡೆಯುವಾಗ ಆಗಾಗ ನಿಂತು ತಲೆಯೆತ್ತಿ ನೋಡಿ. ಕೆಳಗೆಲ್ಲ ಫ್ಲೆಕ್ಸ್ ಬೋರ್ಡು, ಹಳೆಯ ಕಿಟಕಿ ಕಮಾನು ಉಳಿದಿರುವುದು ಮಹಡಿಯಲ್ಲಿ. 'ಬನ್ನಿ ಮೇಡಂ, ಸೀರೆ ತೋರಿಸ್ತೀನಿ' ಅಂತ ದಾರಿಯಲ್ಲಿ ಹಿಂದೆ ಬೀಳುವವರ ಜೊತೆ ಹೋಗಬೇಡಿ. ಅವರ ಕಮಿಷನ್ ನಿಮ್ಮ ಬಿಲ್ಲಿಗೇ ಸೇರುತ್ತದೆ.

ಹನ್ನೆರಡೂವರೆಗೆ ಮುಗಿಸಿ ಆಟೊ ಹಿಡಿಯಿರಿ. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರಿಂದ ಇದೆ; ಊಟಕ್ಕೆ ಹೆಸರು ಬರೆಸಿ ಕಾಯಬೇಕು. ಕಾಯುವ ತಾಳ್ಮೆ ಇಲ್ಲದಿದ್ದರೆ ಬೇರೆಲ್ಲಾದರೂ ಉಣ್ಣಿ. ಇದೊಂದಕ್ಕಾಗಿ ಮಧ್ಯಾಹ್ನ ಕಳೆದುಕೊಳ್ಳಬೇಡಿ.

ಅಲ್ಲಿಂದ ಲಾಲ್‌ಬಾಗ್‌ಗೆ ನಡೆದೇ ಹೋಗಬಹುದು. ಬಿಸಿಲು ಇಳಿಯುವವರೆಗೆ ಮರದ ಕೆಳಗೆ ಕೂತು ಕಾಲಿಗೆ ವಿಶ್ರಾಂತಿ ಕೊಡಿ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಈ ಕಡೆ ಬರಬೇಡಿ. ಐದು ಗಂಟೆಗೆ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಅಂಗೈ ಇಟ್ಟು ನೋಡಿದರೆ ಬಿಳಿ, ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಹರಿದಿರುವುದು ಗೊತ್ತಾಗುತ್ತದೆ. ಮಳೆ ಬಿದ್ದಿದ್ದರೆ ಬಂಡೆ ಜಾರುತ್ತದೆ, ಹತ್ತುವುದಕ್ಕಿಂತ ಇಳಿಯುವಾಗ ಹೆಚ್ಚು. ಮೇಲಿನ ಕೆಂಪೇಗೌಡ ಗೋಪುರ ನಾಲ್ಕರಲ್ಲಿ ಒಂದು. ಉಳಿದವು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ, ಮೇಖ್ರಿ ಸರ್ಕಲ್ ಹತ್ತಿರ ಇವೆ.

ಪಶ್ಚಿಮ ದ್ವಾರದಿಂದ ಹೊರಬಂದರೆ ಲಾಲ್‌ಬಾಗ್ ಮೆಟ್ರೊ ಹತ್ತಿರ. ಕಾಲು ಇನ್ನೂ ಮಾತು ಕೇಳುತ್ತಿದ್ದರೆ ಮನೆಗೆ ಹೋಗುವ ಮುಂಚೆ ಗಾಂಧಿ ಬಜಾರಿಗೆ ನಡೆಯಿರಿ. 1943ರ ವಿದ್ಯಾರ್ಥಿ ಭವನದ ಮುಂದೆ ಸಂಜೆ ಸಾಲು ಉದ್ದವಾಗುತ್ತದೆ. ಆರೂವರೆಯೊಳಗೆ ಹೆಸರು ಕೊಟ್ಟು, ಕರೆಯುವವರೆಗೆ ಎದುರಿನ ಹೂವು, ಹಣ್ಣಿನ ಅಂಗಡಿ ನೋಡುತ್ತಿರಿ. ಬೆಳಿಗ್ಗೆ ಬೇಡವೆಂದು ಬಿಟ್ಟ ಮಲ್ಲಿಗೆಯನ್ನು ಇಲ್ಲಿ ಕೊಳ್ಳಬಹುದು. ವಾಪಸಿಗೆ ನ್ಯಾಷನಲ್ ಕಾಲೇಜು ನಿಲ್ದಾಣ.